ಹುಳದಮ್ಮನ ಚಳಿಗಾಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೆಸ್ನಾ ಊರಿನ ಆಚೆ, ಹಿಮ ಹೊದ್ದ ಬಯಲಿನಲ್ಲಿ ಸಾಲಾಗಿ ನಿಂತ ಉಕ್ಕಿನ ಕಣಜಗಳಲ್ಲೊಂದರ ಏಣಿಯ ಮೇಲೆ ದಪ್ಪ ಕೋಟಿನ ಆಕೃತಿಯೊಂದು ನಿಧಾನವಾಗಿ ಮೇಲೇರುತ್ತಿದೆ. ಬೆನ್ನಿಗೆ ಕಟ್ಟಿಕೊಂಡ ಉದ್ದನೆಯ ಪೊಳ್ಳು ಸಲಾಕೆ ತಗಡಿಗೆ ಬಡಿದು ಠಣ್ ಎನ್ನುತ್ತಿದೆ. ಸಸ್ಕ್ಯಾಚವಾನ್ ಪ್ರಾಂತ್ಯದ ಜನವರಿ, ಮೈನಸ್ ಮೂವತ್ತಮೂರು ಡಿಗ್ರಿ. ಬಿಟ್ಟ ಉಸಿರು ಕಾಲರಿನ ಮೇಲೆ ಬೆಳ್ಳಗೆ ಕೂರುತ್ತಿದೆ. ಅರ್ಧ ಏಣಿ ಹತ್ತಿದ ಆಕೃತಿ ನಿಂತು, ಈ ಕೆಲಸದ ಬಗ್ಗೆ ಬರೆಯಲು ಬಂದು ಕೆಳಗೆ ಚಳಿಗೆ ಕಾಲು ಬಡಿಯುತ್ತಿದ್ದ ನನ್ನತ್ತ ಕತ್ತು ಹೊರಳಿಸುತ್ತದೆ.

"ಏನು, ಅಲ್ಲೇ ಹೆಪ್ಪುಗಟ್ತೀಯಾ? ಏಣಿಗೆ ಟಿಕೆಟ್ಟೇನೂ ಇಲ್ಲ, ಹತ್ತು!"

ಒರಿಸಿಯಾ ಪ್ರಿಸ್ಟುಪಾ ಅವರಿಗೆ ಅರವತ್ತಮೂರು ವರ್ಷ. ಎಡ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಬಲಗಾಲನ್ನು ಮೊದಲು ಮೆಟ್ಟಿಲಿಗಿಟ್ಟು, ಎಡಗಾಲನ್ನು ಬೈಯುತ್ತಾ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ತುದಿ ತಲುಪಿದ ಮೇಲೆ ಕಣಜದ ಮುಚ್ಚಳ ತೆರೆದು, ಅಂಚಿಗೆ ಹೊಟ್ಟೆ ಆನಿಸಿ ಬಾಗುತ್ತಾರೆ. ಒಳಗೆ ಮಾತ್ರ ಕಾಲಿಡುವುದಿಲ್ಲ. ಸಲಾಕೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಗೋಧಿಯ ರಾಶಿಯ ನಡುಭಾಗಕ್ಕೆ ಓರೆಯಾಗಿ ಇಳಿಸುತ್ತಾರೆ. ಭುಜ ಕೊಟ್ಟು ಒತ್ತಿ, ತಿರುವಿ, ಎಳೆದು, ಸಲಾಕೆಯೊಳಗೆ ತುಂಬಿದ ಕಾಳನ್ನು ತಟ್ಟೆಗೆ ಸುರಿದುಕೊಂಡ ಮೇಲೆ ನನ್ನತ್ತ ತಿರುಗುತ್ತಾರೆ.

"ಕೈಗವಸು ಬಿಚ್ಚು. ಹಿಡಿ."

ನನ್ನ ಬರಿಗೈಗೆ ಬಿದ್ದ ಗೋಧಿ ಬೆಚ್ಚಗಿದೆ, ಈಗತಾನೇ ಹುಟ್ಟಿದ ಕರುವಿನ ಹೊಟ್ಟೆಯ ಹಾಗೆ.

"ಹೊರಗಡೆ ಜನವರಿ, ಒಳಗಡೆ ಆಗಸ್ಟು," ಎನ್ನುತ್ತಾರೆ ಒರಿಸಿಯಾ. "ಕೊಯ್ಲಿನ ದಿನದ ಬಿಸಿಲನ್ನ ಇನ್ನೂ ಹೊಟ್ಟೇಲಿಟ್ಕೊಂಡು ಕೂತಿದೆ ಈ ರಾಶಿ. ಚಳಿ ನಿನಗೆ, ನನಗೆ. ಆ ಕಳ್ಳ ಒಳಗೆ ಸಂಸಾರ ಹೂಡಿದಾನೆ."

ಕಳ್ಳನೆಂದರೆ ತುಕ್ಕು ಹುಳ. ಎಳ್ಳಿಗಿಂತ ಚಿಕ್ಕದು. ಹಳೆಯ ಮೊಳೆಯ ಬಣ್ಣ. ತಟ್ಟೆಯಲ್ಲಿ ಮೊದಲು ನನಗೆ ಏನೂ ಕಾಣಲಿಲ್ಲ. ಒರಿಸಿಯಾ ಉಗುರಿನ ತುದಿಯಿಂದ ಒಂದು ಕಾಳನ್ನು ಪಕ್ಕಕ್ಕೆ ಸರಿಸಿದಾಗ ಅದರಡಿಯಿಂದ ಚುಕ್ಕೆಯೊಂದು ಓಡಿತು. ಆಮೇಲೆ ಇನ್ನೊಂದು. ಚಳಿಗಾಳಿ ತಾಗಿದ್ದೇ ಎರಡೂ ಕಾಲು ಮಡಚಿ ಮಲಗಿಬಿಟ್ಟವು.

"ಸತ್ತುಹೋದ್ವು," ಎಂದೆ.

"ಹಾಗಂತ ಈ ಜಿಲ್ಲೆಯ ಅರ್ಧ ಗಂಡಸರು ತಿಳ್ಕೊಂಡಿದಾರೆ," ಎಂದು ಅವರು ತಟ್ಟೆಯ ಗೋಧಿಯನ್ನು ಡಬ್ಬಿಗೆ ಸುರಿದು ಮುಚ್ಚಳ ಬಿಗಿದರು. "ನಡಿ, ಮನೇಲಿ ತೋರಿಸ್ತೀನಿ."

ವೆಸ್ನಾದ ರೈತ ಸಂಘ ಸಂಬಳ ಕೊಟ್ಟು ಇಟ್ಟುಕೊಂಡಿರುವ ಈ ಹೆಂಗಸಿನ ಕೆಲಸಕ್ಕೆ ಸರಿಯಾದ ಹೆಸರೇ ಇಲ್ಲ. ಸಂಘದ ಕಡತದಲ್ಲಿ 'ಇತರೆ' ಎಂದಿದೆಯಂತೆ. ನವೆಂಬರಿನಿಂದ ಮಾರ್ಚ್‌ವರೆಗೆ ಅವರು ತಮ್ಮ ಹಳೆಯ ಪಿಕಪ್ ಗಾಡಿಯಲ್ಲಿ ಅಂಗಳದಿಂದ ಅಂಗಳಕ್ಕೆ ಹೋಗಿ, ನೂರೈವತ್ತಕ್ಕೂ ಹೆಚ್ಚು ಕಣಜಗಳ ಒಳಗನ್ನು ತಡವಿ ನೋಡುತ್ತಾರೆ. ರೈಲು ಹಳಿಯ ಪಕ್ಕದಲ್ಲಿ ಗೋಧಿ ಕೊಳ್ಳುವ ದೊಡ್ಡ ಕೋಠಿಯವರು ಜೀವಂತ ಹುಳ ಒಂದೇ ಒಂದು ಸಿಕ್ಕಿದರೂ ಆ ಲಾರಿಯ ಗೋಧಿಯನ್ನು ಇಳಿಸಿಕೊಳ್ಳುವುದಿಲ್ಲ. ಹಾಗಾಗಿ ಒರಿಸಿಯಾರ ಪಿಕಪ್ ಅಂಗಳಕ್ಕೆ ತಿರುಗಿದರೆ ಯಾರೂ ಕುಣಿದಾಡುವುದಿಲ್ಲ. ಮೊದಲ ವರ್ಷಗಳಲ್ಲಿ ಬೆನ್ನ ಹಿಂದೆ 'ಹುಳದಮ್ಮ ಬಂದ್ಲು' ಎಂದು ನಗುತ್ತಿದ್ದರು. ಈಗ ಫೋನು ಮಾಡಿ, "ಹುಳದಮ್ಮ, ನಮ್ಮ ಕಡೆ ಯಾವಾಗ?" ಎಂದು ಕೇಳುತ್ತಾರೆ. ಹೆಸರು ಅದೇ, ದನಿ ಬೇರೆ.

ಅವರ ಅಡಿಗೆಮನೆಯಲ್ಲಿ ಬೀಟ್‌ರೂಟ್ ಸಾರಿನ ಪಾತ್ರೆಯ ಪಕ್ಕದಲ್ಲಿ ತಗಡಿನ ದೊಡ್ಡ ಆಲಿಕೆಯೊಂದಿದೆ. ಅದರ ಬಾಯಿಗೆ ಜಾಲರಿ, ಮೇಲೆ ಬಲ್ಬು, ಕೆಳಗೆ ಗಾಜಿನ ಬಾಟಲಿ. ಬೆಳಗ್ಗೆ ತಂದ ಗೋಧಿಯನ್ನು ಜಾಲರಿಯ ಮೇಲೆ ಹರಡಿ ಬಲ್ಬು ಹಾಕಿದರು. ನಾವು ಚಹಾ ಕುಡಿದೆವು. ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬನ್ನು ಹುಳಿ ಕೆನೆಯಲ್ಲಿ ಅದ್ದಿ ತಿಂದೆವು. ಕಡುಬು ಮುಗಿಯುವುದರೊಳಗೆ, ಏಣಿಯ ಮೇಲೆ ನಾನು ಸತ್ತವೆಂದುಕೊಂಡ ಎರಡೂ ಬಿಸಿ ತಾಳಲಾರದೆ ಕಾಳುಗಳ ಸಂದಿಯಿಂದ ಇಳಿದು ಬಾಟಲಿಯ ತಳದಲ್ಲಿ ಸುತ್ತು ಹಾಕುತ್ತಿದ್ದವು. ಅವುಗಳ ಹಿಂದೆ ಇನ್ನಷ್ಟು.

"ಚಳಿ ಒಂದೇ ಸಲ ಬಂದು ಮೇಲೆ ಬಿದ್ರೆ ಇದು ಸಾಯುತ್ತೆ," ಎನ್ನುತ್ತಾರೆ ಒರಿಸಿಯಾ, ಬಾಟಲಿಯನ್ನು ಬೆಳಕಿಗೆ ಹಿಡಿದು. "ಆದ್ರೆ ಚಳಿ ಮೆಲ್ಲಗೆ ಬಂತು ಅಂದ್ಕೋ, ಇದಕ್ಕೆ ಕೋಟು ಹೊಲಿಸ್ಕೊಳ್ಳೋಕೆ ಪುರುಸೊತ್ತು ಸಿಕ್ಕಿದ ಹಾಗೆ. ತಿನ್ನೋದು ಬಿಡುತ್ತೆ. ಓಡಾಟ ಬಿಡುತ್ತೆ. ಮೈಯೊಳಗಿನ ನೀರನ್ನ ಪಾಕ ಮಾಡ್ಕೊಳ್ಳುತ್ತೆ. ನೀರು ಹೆಪ್ಪುಗಟ್ಟಿದಷ್ಟು ಸುಲಭಕ್ಕೆ ಪಾಕ ಹೆಪ್ಪುಗಟ್ಟಲ್ಲ ನೋಡು. ಇನ್ನು ರಾಶಿ ಮಧ್ಯದಲ್ಲಿ ಕೂತಿರೋದಕ್ಕೆ ಆ ಕಷ್ಟವೂ ಇಲ್ಲ. ಎಲ್ಲ ಅಲ್ಲಿಗೆ ಸೇರಿ ಉಸಿರಾಡ್ತಾ ಉಸಿರಾಡ್ತಾ ತಾವೇ ಬಿಸಿ ಮಾಡ್ಕೊಳ್ತವೆ. ಒಂದು ಕಡೆ ತೇವ, ಇನ್ನೊಂದು ಕಡೆ ಬಿಸಿ. ಆಮೇಲೆ ಬೂಷ್ಟು. ಬೂಷ್ಟು ಹಿಡಿದ ಕಾಳು ಒಂದಕ್ಕೊಂದು ಅಂಟ್ಕೊಂಡು ಮೇಲೆ ಗಟ್ಟಿ ಪದರ ಆಗಿ ಹೆಪ್ಪಳಿಕೆ ಕಟ್ಟುತ್ತೆ."

ಇಲ್ಲಿಯವರೆಗೆ ಪಾಠ ಹೇಳುವವರ ಹಾಗೆ ಹೇಳಿದವರು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಆ ಹೆಪ್ಪಳಿಕೆ ಮೇಲೆ ಕಾಲಿಟ್ಟೋನು ನನ್ನ ಗಂಡ," ಎಂದರು.

ಸ್ಲಾವ್ಕೊ ಪ್ರಿಸ್ಟುಪಾ ತೀರಿಕೊಂಡು ಹದಿನೈದು ವರ್ಷವಾಯಿತು. ಆವತ್ತು ಕಣಜದ ಬುಡದ ಬಾಗಿಲು ತೆರೆದು ಗೋಧಿಯನ್ನು ಲಾರಿಗೆ ತುಂಬಿಸುತ್ತಿದ್ದರು. ಧಾನ್ಯ ಮೇಲೆತ್ತುವ ತಿರುಪು ಕೊಳವೆಯ ಪಕ್ಕ, ಟ್ರ್ಯಾಕ್ಟರಿನ ಬಳಿ ನಿಂತಿದ್ದವರು ಸ್ಲಾವ್ಕೊ ಅವರ ತಮ್ಮ ನೆಸ್ಟರ್. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಗೋಧಿ ಬರುವುದು ನಿಂತಿತು. ಮೇಲೆ ಏನೋ ಅಡ್ಡ ಸಿಕ್ಕಿದೆಯೆಂದು ಸ್ಲಾವ್ಕೊ ಹಾರೆ ಹಿಡಿದು ಹತ್ತಿ ಒಳಗಿಳಿದರು. ಮೇಲಿನಿಂದ ನೋಡಿದರೆ ರಾಶಿ ನೆಲದಷ್ಟೇ ಗಟ್ಟಿಯಾಗಿ, ಸಮತಟ್ಟಾಗಿ ಕಾಣುತ್ತಿತ್ತು. ಅದರ ಕೆಳಗಿನ ಗೋಧಿ ಆಗಲೇ ಲಾರಿ ಸೇರಿತ್ತು. ಹೆಪ್ಪಳಿಕೆ ಒಡೆಯಿತು. ಸುತ್ತಲಿನ ಗೋಧಿಯೆಲ್ಲ ಅವರ ಮೇಲೆ ಕುಸಿಯಿತು. ಊರಿನವರು ಕಣಜದ ಗೋಡೆ ಕತ್ತರಿಸಿ ಅವರನ್ನು ಹೊರತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

"ಎಲ್ರೂ ಬಂದು, ಕಾಲು ಜಾರಿತು, ಹಣೆಬರಹ ಅಂದ್ರು," ಒರಿಸಿಯಾ ನೆನೆಯುತ್ತಾರೆ. "ಕತ್ತರಿಸಿದ ತಗಡಿನ ಹತ್ರ ಗೋಧಿ ಚೆಲ್ಲಿತ್ತಲ್ಲ, ನಾನು ಒಂದು ಹಿಡಿ ತಗೊಂಡು ಜೇಬಿಗೆ ಹಾಕ್ಕೊಂಡೆ. ಯಾಕೆ ಅಂತ ನನಗೂ ಗೊತ್ತಿರ್ಲಿಲ್ಲ. ಮನೆಗೆ ಬಂದು ಕೋಟು ಒಲೆ ಪಕ್ಕ ನೇತು ಹಾಕಿದ್ದೆ. ಆಮೇಲೆ ನೋಡಿದ್ರೆ ಜೇಬಿಂದ ಇವು ಇಳಿದು ಬರ್ತಿವೆ. ನನ್ನ ಗಂಡ ಹೋದ, ಇವು ನನ್ನ ಮನೇಲಿ ಮೈ ಕಾಯಿಸ್ಕೊಳ್ತಿವೆ! ಆವತ್ತು ನಾನು ಅಳ್ಲಿಲ್ಲ. ಅಷ್ಟು ಸಿಟ್ಟು ಬಂದಿತ್ತು."

ಯಾರ್ಕ್‌ಟನ್‌ನಲ್ಲಿರುವ ತಂಗಿ, ಹೊಲ ಮಾರಿ ಪಟ್ಟಣಕ್ಕೆ ಬಾ ಎಂದು ಕರೆದಳು. ಪಾದ್ರಿಯೂ ಅದನ್ನೇ ಹೇಳಿದರು. ಒರಿಸಿಯಾ ಹೊಲವನ್ನು ಗುತ್ತಿಗೆಗೆ ಕೊಟ್ಟರು, ಮನೆ ಬಿಡಲಿಲ್ಲ. ಮುಂದಿನ ಚಳಿಗಾಲಕ್ಕೆ ಸಂಘದ ಬಾಗಿಲಿಗೆ ಹೋಗಿ, ಊರಿನ ಕಣಜಗಳನ್ನೆಲ್ಲ ನೋಡುವ ಕೆಲಸ ತನಗೆ ಕೊಡಿ ಎಂದರು. ಅಂಥ ಕೆಲಸವೇ ಇಲ್ಲವಲ್ಲ ಎಂದು ಅವರು ನಕ್ಕರು. "ಇಲ್ಲದಿದ್ರೆ ಮಾಡಿ," ಎಂದರಂತೆ ಇವರು. ಮೊದಲೆರಡು ಚಳಿಗಾಲ ಸಂಬಳವಿಲ್ಲದೆ ಏಣಿ ಹತ್ತಿದರು. ಮೂರನೆಯ ವರ್ಷ ರೈತನೊಬ್ಬನ ಕಣಜದಲ್ಲಿ ಬಿಸಿ ಹಿಡಿದದ್ದನ್ನು ಸಮಯಕ್ಕೆ ಸರಿಯಾಗಿ ಪತ್ತೆ ಮಾಡಿದರು. ಆಮೇಲೆ 'ಇತರೆ' ಎಂಬ ಸಾಲು ಕಡತದಲ್ಲಿ ಕಾಣಿಸಿಕೊಂಡಿತು.

ಊರಿನಲ್ಲಿ ಒಬ್ಬರು ಮಾತ್ರ ಹುಳದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಮೈದುನ ನೆಸ್ಟರ್. "ಮೈನಸ್ ಮೂವತ್ತೈದಕ್ಕೆ ದೆವ್ವವೂ ಬದುಕಲ್ಲ, ಅತ್ತಿಗೆ," ಎನ್ನುವುದು ಅವರ ಮಾಮೂಲಿ ಮಾತು. "ನಮ್ಮ ಚಳಿಗಾಲ ಇರೋದೇ ಅದಕ್ಕೆ. ಅಣ್ಣ ಕಾಲು ಜಾರಿ ಹೋದ, ಅಷ್ಟೇ."

ಕಳೆದ ವರ್ಷ ಜನವರಿಯ ಮೊದಲ ವಾರ ನೆಸ್ಟರ್‌ ಅವರ ದೊಡ್ಡ ಕಣಜದಿಂದ ತಂದ ಗೋಧಿ ಒರಿಸಿಯಾರ ಬಾಟಲಿಯನ್ನು ಕಪ್ಪಾಗಿಸಿತು. ಅಷ್ಟೊಂದು ಹುಳಗಳನ್ನು ಅವರು ಅದುವರೆಗೆ ನೋಡಿರಲಿಲ್ಲ. ಸಲಾಕೆಯ ತುದಿಗೆ ಹಳಸಿದ ಬ್ರೆಡ್ಡಿನ ವಾಸನೆ ಹತ್ತಿತ್ತು. ಮಾರನೆಯ ಸಂಜೆಯೇ ಹಳೆಯ ಪಂಚಾಂಗದಂತೆ ಜನವರಿಯಲ್ಲಿ ಬರುವ ಇವರ ಕ್ರಿಸ್‌ಮಸ್ಸಿನ ಪವಿತ್ರ ಊಟ. ಪ್ರಿಸ್ಟುಪಾ ಮನೆತನದವರೆಲ್ಲ ಪ್ರತಿವರ್ಷ ನೆಸ್ಟರ್ ಮನೆಯಲ್ಲೇ ಸೇರುವುದು. ಮೇಜಿನ ಮೇಲೆ ಜೇನು, ಗಸಗಸೆ ಬೆರೆಸಿದ ಗೋಧಿಯ ಕುಟ್ಯಾ, ಪಕ್ಕದಲ್ಲಿ ತೀರಿಕೊಂಡವರಿಗೆಂದು ಇಟ್ಟ ಖಾಲಿ ತಟ್ಟೆ. ಊಟ ಶುರುವಾಗುವ ಮುಂಚೆ ಅಡಿಗೆಮನೆಯ ಮೂಲೆಯಲ್ಲಿ ಒರಿಸಿಯಾ ಮೈದುನನನ್ನು ನಿಲ್ಲಿಸಿಕೊಂಡು ವಿಷಯ ಹೇಳಿದರು.

ನೆಸ್ಟರ್ ಕೂಗಾಡಲಿಲ್ಲ. ದನಿ ತಗ್ಗಿಸಿದರು. "ಮಂಗಳವಾರ ರೈಲು ಡಬ್ಬಿ ಬರುತ್ತೆ. ಈಗ ನೀನು ಹುಳ ಅಂದ್ರೆ ನನ್ನ ಗೋಧಿ ಯಾರು ಮುಟ್ತಾರೆ? ನಾಲಿಗೆ ಹಿಡ್ಕೋ ಅತ್ತಿಗೆ. ಹೊರಗೆ ತೆಗೀತಿದ್ದ ಹಾಗೇ ಚಳಿಗೆ ಸಾಯ್ತವೆ."

"ಸಾಯಲ್ಲ. ಮೇಲೆ ಹೆಪ್ಪಳಿಕೆ ಕಟ್ತಿದೆ ನೆಸ್ಟರ್. ಆ ಕಣಜ ಮುಟ್ಬೇಡ."

"ಹಬ್ಬದ ದಿನ ಊಟದ ಮೇಜಿಗೆ ಹುಳ ತರ್ಬೇಡ ಅಂದೆ!"

ಒರಿಸಿಯಾ ಆ ಖಾಲಿ ತಟ್ಟೆಯತ್ತ ಕೈ ತೋರಿಸಿದರು. "ಆ ತಟ್ಟೆ ಯಾರದ್ದು? ಅದನ್ನ ಈ ಮೇಜಿಗೆ ತಂದಿದ್ದು ಯಾರು, ನಾನಾ?"

ಆ ವರ್ಷ ಅವರು ಕುಟ್ಯಾ ತಿನ್ನದೆ ಮನೆಗೆ ಹೋದರು. ಇನ್ನು ನನ್ನ ಅಂಗಳಕ್ಕೆ ಕಾಲಿಡಬೇಡ ಎಂದು ಬಾಗಿಲ ತನಕ ಬಂದು ಹೇಳಿದರು ನೆಸ್ಟರ್.

ಹಬ್ಬ ಕಳೆದು ಸೋಮವಾರ ಬೆಳಗ್ಗೆ ಒರಿಸಿಯಾರ ಮನೆಯ ಫೋನು ಬಡಿದುಕೊಂಡಿತು. ನೆಸ್ಟರ್‌ ಅವರ ಹೆಂಡತಿ ಆಡ್ರಿ. ಅಡಿಗೆಮನೆಯ ಕಿಟಕಿಯಿಂದ ಅಂಗಳ ನೋಡುತ್ತಲೇ ಮಾತಾಡುತ್ತಿದ್ದರು. "ಅಕ್ಕಾ, ದೊಡ್ಡ ಕಣಜ ತೆಗ್ದಿದಾರೆ. ಕೊಳವೇಲಿ ಬರ್ತಾ ಬರ್ತಾ ನಿಂತುಹೋಯ್ತು. ಡ್ವೈಟ್ ಹಾರೆ ತರ್ತಿದಾನೆ." ಡ್ವೈಟ್ ಅವರ ಅಳಿಯ. ಮುಂದಿನ ಮಾತು ಒರಿಸಿಯಾ ಕೇಳಿಸಿಕೊಳ್ಳಲಿಲ್ಲ.

ರಾತ್ರಿಯ ಉಡುಪಿನ ಮೇಲೆ ಕೋಟು ಎಳೆದುಕೊಂಡು ಪಿಕಪ್ ಓಡಿಸಿದರು. ನೆಸ್ಟರ್ ಅಂಗಳದಲ್ಲಿ ಗಾಡಿ ನಿಲ್ಲಿಸಿದವರು ಮೊದಲು ಹೋದದ್ದು ಏಣಿಗಲ್ಲ, ಟ್ರ್ಯಾಕ್ಟರಿಗೆ. ಕೀಲಿ ತಿರುವಿ ಕಿತ್ತು, ಕೋಟಿನೊಳಗೆ, ಯಾವ ಗಂಡಸೂ ಕೈ ಹಾಕಲಾರದ ಜಾಗದಲ್ಲಿ ಇಟ್ಟುಕೊಂಡರು. ಇಡೀ ಅಂಗಳ ಒಮ್ಮೆಲೇ ನಿಶ್ಶಬ್ದವಾಯಿತು. ಡ್ವೈಟ್ ಆಗಲೇ ಏಣಿಯ ಮೇಲಿದ್ದ, ಕೈ ಮುಚ್ಚಳದ ಮೇಲೆ.

"ಡ್ವೈಟ್! ಇಳಿ ಕೆಳಗೆ."

ಅವನು ಮಾವನ ಮುಖ ನೋಡಿದ.

"ಅವನ ಮುಖ ಏನ್ ನೋಡ್ತೀಯಾ? ನಿನ್ನ ಮಗಳ ಮುಖ ನೆನಪು ಮಾಡ್ಕೊಂಡು ಇಳಿ!"

ಡ್ವೈಟ್ ಇಳಿದ. ಒರಿಸಿಯಾ ಹತ್ತಿದರು. ಬಲಗಾಲು, ಬೈಗುಳ, ಎಡಗಾಲು. ತುದಿ ತಲುಪಿ, ಮುಚ್ಚಳದ ಮೇಲೆ ಕುಂಡೆಯೂರಿ ಕೂತುಬಿಟ್ಟರು. ಆಗಿನ ಮಾತುಕತೆಯನ್ನು ಡ್ವೈಟ್ ನನಗೆ ಒಂದಕ್ಷರ ಬಿಡದೆ ಹೇಳಿದ. ಊರಿನ ಕಾಫಿ ಅಂಗಡಿಯಲ್ಲಿ ಅವನು ಅದನ್ನು ಬಹಳ ಸಲ ಹೇಳಿರಬೇಕು.

"ಅತ್ತಿಗೆ, ಇದು ನನ್ನ ಅಂಗಳ!"

"ಅಂಗಳ ನಿಂದೇ. ಇಟ್ಕೋ. ಮುಚ್ಚಳ ಮಾತ್ರ ನಂದು."

"ನಾಳೆ ರೈಲು ಬರುತ್ತೆ!"

"ಕಾಯೋಕೆ ಹೇಳು."

"ರೈಲು ನನ್ನ ಮಾತು ಕೇಳುತ್ತಾ?"

"ನೀನು ಯಾರ ಮಾತು ಕೇಳ್ತೀಯಾ ಮತ್ತೆ? ಅದಕ್ಕೂ ನಿನ್ನಂಥದೇ ತಲೆ, ಬಿಡು."

ಗಾಳಿ ಬೀಸುತ್ತಿತ್ತು. ಅವರ ರೆಪ್ಪೆಗಳು ಅಂಟಿಕೊಳ್ಳತೊಡಗಿದವು. ನೆಸ್ಟರ್ ಕೆಳಗೆ ಅತ್ತಿಂದಿತ್ತ ನಡೆದರು, ಹಿಮ ಒದ್ದರು, ಪೊಲೀಸರನ್ನು ಕರೆಯುತ್ತೇನೆ ಎಂದರು. ಕರೆ, ಬರುವಾಗ ಬಿಸಿ ಚಹಾ ತರೋಕೆ ಹೇಳು ಎಂದರು ಒರಿಸಿಯಾ. ಚಹಾ ನಿಜಕ್ಕೂ ಬಂತು. ಮನೆಯೊಳಗಿಂದ ಆಡ್ರಿ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಕುರಿತುಪ್ಪಳದ ಕಂಬಳಿ ಹಿಡಿದು ಬಂದು, ಗಂಡನ ಮುಂದೆಯೇ ಹಾದು ಏಣಿ ಹತ್ತಿದರು. ಓರಗಿತ್ತಿಗೆ ಕಂಬಳಿ ಹೊದಿಸಿದವರು ಮತ್ತೆ ಇಳಿಯಲಿಲ್ಲ. ಮೇಲಿನ ಮೆಟ್ಟಿಲಲ್ಲೇ ತೋಳು ಸಿಕ್ಕಿಸಿಕೊಂಡು ನಿಂತರು.

"ನೀನೂನಾ?" ಎಂದರು ನೆಸ್ಟರ್.

"ನಾನೂನೇ. ಹದಿನಾಲ್ಕು ವರ್ಷದಿಂದ ನೀನು ನಿದ್ದೇಲಿ ಕೂಗ್ತೀಯ, 'ಅಣ್ಣಾ ಬಾ ಹೊರಗೆ' ಅಂತ. ಪಕ್ಕದಲ್ಲಿ ಮಲಗೋಳು ನಾನು. ಇನ್ನೊಬ್ಬರ ಹೆಸರು ಸೇರಿಸ್ಕೊಂಡು ಕೂಗೋದನ್ನ ಕೇಳೋಕೆ ನನಗೆ ಆಗಲ್ಲ."

ನೆಸ್ಟರ್ ನಡೆಯುವುದನ್ನು ನಿಲ್ಲಿಸಿದರು.

ಒರಿಸಿಯಾ ಮೇಲಿನಿಂದ ಮೆತ್ತಗೆ ಹೇಳಿದರು, "ನನ್ನ ಮಾತು ನಂಬಬೇಡ ನೆಸ್ಟರ್. ದನ ನೆಕ್ಕೋ ಉಪ್ಪಿನ ದಿಮ್ಮಿ ಇದೆಯಲ್ಲ, ಅದನ್ನ ಒಂದು ತಗೊಂಡು ಮೇಲೆ ಬಾ. ನೀನೇ ಹಾಕಿ ನೋಡು."

ಆಡ್ರಿ ಇಳಿದು ದಾರಿ ಬಿಟ್ಟರು. ನೆಸ್ಟರ್ ಉಪ್ಪಿನ ದಿಮ್ಮಿಯನ್ನು ಗೋಣಿಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡು ಹತ್ತಿದರು. ಒರಿಸಿಯಾ ಪಕ್ಕಕ್ಕೆ ಸರಿದು ಮುಚ್ಚಳ ತೆರೆದರು. ಒಳಗೆ ಗೋಧಿ ತಣ್ಣಗೆ, ಸಮತಟ್ಟಾಗಿ, ಓಡಾಡಬಹುದಾದಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ನೆಸ್ಟರ್ ದಿಮ್ಮಿಯನ್ನು ನಡುವಿಗೆ ಎಸೆದರು. ಅದು ಧಪ್ಪೆಂದು ಬಿದ್ದು ಕೂತಿತು. ನೋಡು, ಏನೂ ಆಗಲಿಲ್ಲ ಎನ್ನಲು ಅವರು ಬಾಯಿ ತೆರೆದರಂತೆ. ಅಷ್ಟರಲ್ಲಿ ದಿಮ್ಮಿಯ ಸುತ್ತ ಒಂದು ಗೆರೆ ಓಡಿತು. ನಡುಭಾಗ ಒಡೆದು ಬಾಯಿ ಬಿಟ್ಟಿತು. ದಿಮ್ಮಿ ಇಲ್ಲ. ಸುತ್ತಲಿನ ಗೋಧಿ ನೀರಿನ ಹಾಗೆ ಆ ಬಾಯಿಗೆ ಹರಿದು, ತುಂಬಿ, ಮತ್ತೆ ಸುಮ್ಮನಾಯಿತು. ಅದರೊಳಗಿಂದ ಹಳಸಲು ವಾಸನೆಯ ಬಿಸಿ ಆವಿ ಮೇಲೆದ್ದು ಇಬ್ಬರ ಮುಖಕ್ಕೂ ಬಡಿಯಿತು.

"ಅವನು ಆ ತೂತನ್ನೇ ನೋಡ್ತಿದ್ದ," ಎನ್ನುತ್ತಾರೆ ಒರಿಸಿಯಾ. "ನಾನು ಅವನನ್ನ ನೋಡ್ತಿದ್ದೆ. ಎಲ್ಲಿ ಅವನೂ ಬಿದ್ದಾನೋ ಅಂತ ಕೋಟಿನ ಬೆನ್ನು ಬಿಗಿಯಾಗಿ ಹಿಡ್ಕೊಂಡಿದ್ದೆ."

ಇಷ್ಟೂ ಹೊತ್ತು ಹುಳವನ್ನು ಕಾಪಾಡಿದ್ದು ಮೆಲ್ಲಗೆ ಬಂದ ಚಳಿ ಮತ್ತು ಗೋಧಿಯ ಬಿಸಿ ಹೊಟ್ಟೆ. ಈಗ ಅದೇ ಚಳಿಯನ್ನು ಒಂದೇ ಸಲ ಅದರ ಮೇಲೆ ಕೆಡವಬೇಕಿತ್ತು. ರಾಶಿಯನ್ನು ಯಾರೂ ಒಳಗಿಳಿಯದೆ ಮೇಲಿನಿಂದಲೇ ಯಂತ್ರ ಹಚ್ಚಿ ಹೀರಿ ತೆಗೆಯಬೇಕು, ಬಯಲ ಗಾಳಿಯಲ್ಲಿ ಸುರಿಸಿ ಬೇರೆ ಕಣಜಕ್ಕೆ ತುಂಬಬೇಕು, ಅಲ್ಲಿಂದ ಮತ್ತೆ ಇನ್ನೊಂದಕ್ಕೆ. ಒರಿಸಿಯಾ ಇದನ್ನು ಹೇಳಿದಾಗ ನೆಸ್ಟರ್ ಅಡ್ಡ ಮಾತಾಡಲಿಲ್ಲ. ನಾಳೆಯ ರೈಲು ಬೇಡವೆಂದು ತಾವೇ ಫೋನು ಮಾಡಿದರು.

ಬೆಚ್ಚಗಿನ ಗೋಧಿ ಕೊಳವೆಯ ತುದಿಯಿಂದ ಮೈನಸ್ ಮೂವತ್ತೈದರ ಗಾಳಿಗೆ ಬಿದ್ದಾಗ ಹೊಗೆಯಂತೆ ಆವಿ ಎದ್ದಿತು. ಹೆದ್ದಾರಿಯಲ್ಲಿ ಹೋಗುವವರಿಗೂ ಕಾಣುವ ಬಿಳಿಯ ಕಂಬ. ಬೆಂಕಿ ಬಿತ್ತೆಂದುಕೊಂಡು ಓಡಿಬಂದ ನೆರೆಯವರಿಗೆಲ್ಲ ವಿಷಯ ತಿಳಿಯಿತು. ಮುಚ್ಚಿಡಬೇಕೆಂದಿದ್ದ ಸಂಗತಿ ಈಗ ಇಡೀ ಜಿಲ್ಲೆಯ ಆಕಾಶದಲ್ಲಿತ್ತು. ಆಮೇಲೆ ಒಬ್ಬರು ತಮ್ಮ ಟ್ರ್ಯಾಕ್ಟರ್ ತರಲು ಹೋದರು, ಇನ್ನೊಬ್ಬರು ಖಾಲಿ ಕಣಜ ಇದೆ ಎಂದರು. ಸಂಜೆ ಹೊತ್ತಿಗೆ ಅಂಗಳದ ತುಂಬ ಯಂತ್ರಗಳ ಸದ್ದು. ಹೋಗುವಾಗ ಮೂವರು ಒಬ್ಬೊಬ್ಬರಾಗಿ ಒರಿಸಿಯಾರ ಬಳಿ ಬಂದು, ತಮ್ಮ ಕಣಜವನ್ನೂ ಒಂದು ಸಲ ನೋಡಬೇಕೆಂದು ಪಿಸುಗುಟ್ಟಿದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಟ್ರ್ಯಾಕ್ಟರಿನ ಗದ್ದಲದ ನಡುವೆ ನೆಸ್ಟರ್ ಒರಿಸಿಯಾರ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದರು. "ಅತ್ತಿಗೆ, ಅಣ್ಣ ಹೋದ ವರ್ಷ, ರಾಶಿ ತಣ್ಣಗಾಗೋಕೆ ಕಣಜದ ಗಾಳಿ ಫ್ಯಾನು ಹಾಕೋದು ನನ್ನ ಪಾಳಿ. ನಾನು ಹಾಕಿರ್ಲಿಲ್ಲ. ಚಳಿ ಬರುತ್ತಲ್ಲ, ಎಲ್ಲ ತಾನೇ ಸಾಯುತ್ತೆ ಅಂತ ಬಿಟ್ಟೆ. ಕರೆಂಟು ಉಳಿಸ್ದೆ."

"ಗೊತ್ತು," ಎಂದು ಕೂಗಿದರು ಒರಿಸಿಯಾ.

"ಏನು?"

"ಗೊತ್ತು ಅಂದೆ! ಅವತ್ತಿಂದಾನೂ ಗೊತ್ತು. ನೀನು ಹೇಳ್ಲಿ ಅಂತ ಕಾದಿದ್ದೆ. ಹೇಳಾಯ್ತಲ್ಲ, ಈಗ ಆ ಕೊಳವೆ ಗಟ್ಟಿಯಾಗಿ ಹಿಡ್ಕೋ, ಗೋಧಿ ಚೆಲ್ತಿದೆ!"

ಸುರಿದಾಯಿತು. ಇನ್ನು ಚಳಿ ಬಿಡದೆ ಉಳಿಯಬೇಕಿತ್ತು. ತಣ್ಣಗಾದ ರಾಶಿ ಮೈನಸ್ ಇಪ್ಪತ್ತರಲ್ಲಿ ಒಂದು ವಾರವಾದರೂ ಕೂರದಿದ್ದರೆ ಗಟ್ಟಿ ಹುಳ ಉಳಿದುಬಿಡುತ್ತದೆ. ರೇಡಿಯೊ ಮಾತ್ರ ಚಳಿ ಕಡಿಮೆಯಾಗಬಹುದು ಎನ್ನುತ್ತಿತ್ತು. ಭಾನುವಾರ ಚರ್ಚಿನಲ್ಲಿ ಪಾದ್ರಿ, ಮುದುಕರಿಗೂ ಕರುಗಳಿಗೂ ಕಷ್ಟವಾಗಿದೆ, ದೇವರೇ ಚಳಿ ತಗ್ಗಿಸು ಎಂದು ಬೇಡಿದರು. ಎಲ್ಲರೂ ಆಮೆನ್ ಎಂದರು. ಪ್ರಿಸ್ಟುಪಾ ಮನೆತನದ ಬೆಂಚು ಮಾತ್ರ ತುಟಿ ಬಿಗಿದು ಕೂತಿತ್ತು. "ಮುದುಕಿ ನಾನೇ ಕೂತಿದೀನಲ್ಲ, ನನ್ನನ್ನ ಕೇಳಿದ್ರಾ?" ಎಂದು ಒರಿಸಿಯಾ ಹೊರಗೆ ಬಂದ ಮೇಲೆ ಪಾದ್ರಿಗೆ ಹೇಳಿದರಂತೆ. "ಇನ್ನೊಂದು ವಾರ ಬಿಟ್ಟು ಬೇಡ್ಕೊಳ್ಳಿ, ಸ್ವಾಮಿ."

ಚಳಿ ಬಿಡಲಿಲ್ಲ. ಫೆಬ್ರವರಿಯಲ್ಲಿ ಆ ಗೋಧಿಯನ್ನು ಬಲ್ಬಿನ ಕೆಳಗೆ ಹರಡಿದಾಗ ಒರಿಸಿಯಾರ ಅಡಿಗೆಮನೆಯಲ್ಲಿ ನೆಸ್ಟರ್, ಆಡ್ರಿ, ಡ್ವೈಟ್ ಮೂವರೂ ಇದ್ದರು. ಚಹಾ ಆರಿತು. ಬಾಟಲಿ ಖಾಲಿಯೇ ಇತ್ತು. ಒರಿಸಿಯಾ ಒಪ್ಪಲಿಲ್ಲ, ಬೇರೆ ಕಡೆಯಿಂದ ಇನ್ನೊಂದು ಹಿಡಿ, ಮತ್ತೊಂದು ಹಿಡಿ ತರಿಸಿದರು. ಕೊನೆಗೆ ಬಲ್ಬು ಆರಿಸಿ, "ಕಳಿಸು ನಿನ್ನ ರೈಲಿಗೆ," ಎಂದರು. ಹೆಪ್ಪಳಿಕೆ ಕಟ್ಟಿದ ಭಾಗವೆಲ್ಲ ಹಾಳಾಗಿತ್ತು, ಅದನ್ನು ಹೊರಗೆಸೆದರು. ಉಳಿದದ್ದು ಹೋಯಿತು. ಈ ವರ್ಷದ ಪವಿತ್ರ ಊಟದಲ್ಲಿ ಒರಿಸಿಯಾ ಎರಡು ಸಲ ಕುಟ್ಯಾ ಬಡಿಸಿಕೊಂಡರೆಂದು ಆಡ್ರಿ ಹೇಳುತ್ತಾರೆ.

ಇದನ್ನೆಲ್ಲ ಬರೆಯಬಹುದೇ ಎಂದು ನೆಸ್ಟರ್‌ ಅವರನ್ನು ಕೇಳಿದೆ. "ಫ್ಯಾನಿನ ವಿಷಯಾನೂ ಬರಿ," ಎಂದರು. "ಓದಿದವರು ಎದ್ದು ಹೋಗಿ ತಮ್ಮ ಫ್ಯಾನು ಹಾಕ್ಲಿ."

ಹುಳ ಸೋತಿತೇ? ಒರಿಸಿಯಾ ಹಾಗೆ ಹೇಳುವುದಿಲ್ಲ. ಈ ಚಳಿಗಾಲ ಈಗಾಗಲೇ ಮೂರು ಕಣಜಗಳಲ್ಲಿ ಅದನ್ನು ಕಂಡಿದ್ದಾರೆ. ಇಂದು ಬೆಳಗ್ಗೆಯದು ಮೂರನೆಯದು. ಅದರ ಯಜಮಾನನಿಗೆ ನನ್ನೆದುರೇ ಫೋನಿನಲ್ಲಿ ಹೇಳಿದರು, ಅವನು ಆ ಕಡೆಯಿಂದ ಏನೋ ಗೊಣಗಿದ. "ಬೈಕೋ, ಪರವಾಗಿಲ್ಲ," ಎಂದರು ಇವರು. "ಬೈಯೋಕೆ ಜೀವ ಇರ್ಬೇಕಲ್ಲ. ಮುಚ್ಚಳಕ್ಕೆ ಬೀಗ ಹಾಕು, ನಾಡಿದ್ದು ಸುರಿಯೋಣ."

ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿ ಎರಡು ವರ್ಷವಾಗಿದೆ. ಬೇಸಿಗೆಯಲ್ಲಿ ಮಾಡಿಸಿಕೊಳ್ಳುತ್ತೇನೆ ಎನ್ನುತ್ತಾರೆ, ಬೇಸಿಗೆ ಬಂದರೆ ತೋಟದ ಕೆಲಸ ಎನ್ನುತ್ತಾರೆ. ನಿಮ್ಮ ನಂತರ ಈ ಏಣಿ ಹತ್ತುವವರು ಯಾರು ಎಂದು ಹೊರಡುವ ಮುಂಚೆ ಕೇಳಿದೆ. ಅವರು ಬಾಗಿಲ ಬಳಿ ಕೂತು ಬೂಟಿನೊಳಗೆ ಹೊಸ ಉಣ್ಣೆಯ ಅಟ್ಟೆ ಹಾಕುತ್ತಿದ್ದರು. ಮಧ್ಯಾಹ್ನಕ್ಕೆ ಇನ್ನೊಂದು ಅಂಗಳಕ್ಕೆ ಹೋಗುವುದಿತ್ತು.

"ಯಾರಾದ್ರೂ ಬರ್ಲಿ," ಎಂದರು, ತಲೆಯೆತ್ತದೆ. "ಗಂಡಸಾಗ್ಲಿ, ಹೆಂಗಸಾಗ್ಲಿ. ಆದ್ರೆ ಬರೋರು ಸಂಬಳಕ್ಕೆ ಬರ್ಲಿ. ನಾನು ಬಂದ ಹಾಗೆ ಬರೋದು ಯಾರಿಗೂ ಬೇಡ."